ಆನೆದೊರೆ ಹೇಳದ ಮಾತು

ಒಂದು ಕಾಡಿನಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಆಮೇಲೆ ಪಕ್ಕದ ಕಾಡಿನ ಬಗ್ಗೆ ಮರುಗುತ್ತಿದ್ದರು.

ಮರುಗಲು ಕಾರಣವೂ ಇತ್ತು. ಗುಡ್ಡದಾಚೆಯ ಆ ಕಾಡಿನಲ್ಲಿ ಸೀಳುನಾಯಿಗಳ ಎರಡು ದಂಡು ಒಂದು ಹುಲ್ಲುಗಾವಲಿಗಾಗಿ ಕಾದಾಡುತ್ತಿದ್ದವು. ಹುಲ್ಲು ತಿನ್ನದ ನಾಯಿಗಳಿಗೆ ಹುಲ್ಲುಗಾವಲು ಏಕೆ ಎಂದು ಯಾರೂ ಕೇಳಲಿಲ್ಲ. ಹುಲ್ಲು ತಿನ್ನುವ ಜಿಂಕೆ, ಕಡವೆ, ಮೊಲಗಳು ಓಡಿಹೋಗಿ ಒಂದು ಕಲ್ಲು ಕಮರಿಯಲ್ಲಿ ಸಿಕ್ಕಿಕೊಂಡವು. ಕಮರಿಯ ಒಂದು ಬಾಯಿಯನ್ನು ಒಂದು ದಂಡು ಕಾಯುತ್ತಿತ್ತು, ಇನ್ನೊಂದನ್ನು ಇನ್ನೊಂದು ದಂಡು. ಒಳಗೆ ಬಂಡೆಯ ಸಂದಿನಿಂದ ಸ್ವಲ್ಪ ನೀರು ಜಿನುಗುತ್ತಿತ್ತು. ತಿನ್ನಲು ಗರಿಕೆ ಹುಲ್ಲೂ ಇರಲಿಲ್ಲ.

ಈ ಕಾಡಿನ ಸೂಜವ್ವ ಎಂಬ ಮುಳ್ಳುಹಂದಿ ತನ್ನ ಮಗಳು ಮುಳ್ಳಿಯನ್ನು ಆ ಕಾಡಿಗೆ ಮದುವೆ ಮಾಡಿ ಕೊಟ್ಟಿದ್ದಳು. ಮುಳ್ಳಿಯೂ ಈಗ ಕಮರಿಯಲ್ಲೇ ಇದ್ದಳು. ಮೈತುಂಬ ಮುಳ್ಳಿದ್ದ ಸೂಜವ್ವನನ್ನು ಸೀಳುನಾಯಿಗಳು ತಡೆಯುತ್ತಿರಲಿಲ್ಲ. ಗೆಡ್ಡೆ ಗೆಣಸು ಕಚ್ಚಿಕೊಂಡು ಅವಳು ಕಮರಿಗೆ ಹೋದಳು. ಜಿಂಕೆಗಳ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಮುಳ್ಳಿ ಗೆಣಸನ್ನು ಚೂರು ಚೂರು ಮಾಡಿ ಮರಿಗಳಿಗೆ ಹಂಚಿದಳು. ಮೂರನೆಯ ಮರಿಗೆ ಬರುವಷ್ಟರಲ್ಲಿ ಅದು ಮುಗಿದುಹೋಯಿತು.

"ನಾಳೆ ಇನ್ನೂ ತರುತ್ತೇನೆ ಕಣೇ," ಎಂದಳು ಸೂಜವ್ವ.

"ನಿನ್ನ ಬಾಯಲ್ಲಿ ಎಷ್ಟು ಹಿಡಿಸುತ್ತದೆ ಅವ್ವಾ? ಕಮರಿಯ ಬಾಯಿ ತೆರೆಸಬೇಕು. ನಿಮ್ಮ ದೊರೆಗೆ ಹೋಗಿ ಹೇಳು."

"ನೀನಾದರೂ ನನ್ನ ಜೊತೆ ಬಾ."

"ನಾನು ಬಂದರೆ ಈ ಮರಿಗಳಿಗೆ ಬೇರು ಅಗೆದು ಕೊಡುವವರು ಯಾರು?"

ಸೂಜವ್ವ ನೇರವಾಗಿ ಆನೆದೊರೆಯ ದರ್ಬಾರಿಗೆ ಬಂದು, ಕಮರಿಯ ಬಾಯಿ ತೆರೆಸಿ ಎಂದು ಕೇಳಿದಳು. ದೊರೆಯ ಮಾತೆಲ್ಲ ಆಡುತ್ತಿದ್ದವನು ಮಂತ್ರಿ ನುಣ್ಣಪ್ಪ ಎಂಬ ನರಿ. ಅವನು ಕಣ್ಣೊರೆಸಿಕೊಂಡು ಎದ್ದು ನಿಂತ.

"ಕಮರಿಯ ವಿಚಾರದಲ್ಲಿ ದೊರೆಗಳು ತೀವ್ರ ಕಳವಳ ವ್ಯಕ್ತಪಡಿಸಿದ್ದಾರೆ," ಎಂದ.

"ಹೋದ ವಾರವೂ ವ್ಯಕ್ತಪಡಿಸಿದ್ದರಲ್ಲ ಮಂತ್ರಿಗಳೇ?"

"ಹೋದ ವಾರದ್ದು ಬರೀ ಕಳವಳ, ತಾಯಿ. ಇದು ತೀವ್ರ ಕಳವಳ."

ಸಭೆ ತಲೆದೂಗಿತು. ಆಮೇಲೆ ಕೋಗಿಲೆ ಒಂದು ಶೋಕಗೀತೆ ಹಾಡಿತು. ಎಲ್ಲರೂ ಸ್ವಲ್ಪ ಹೊತ್ತು ಮೌನ ಆಚರಿಸಿದರು. ಮೌನ ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ಕೊನೆಗೆ ನುಣ್ಣಪ್ಪ, ಕಮರಿಯ ಸ್ಥಿತಿಗತಿ ನೋಡಿ ವರದಿ ಕೊಡಲು ಆಮೆಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿದ. ಆಮೆ ಅಂದೇ ಹೊರಟಿತು. ಎಂಟು ದಿನವಾದರೂ ದರ್ಬಾರಿನ ಆಲದ ನೆರಳನ್ನು ದಾಟಲಿಲ್ಲ.

ಅಷ್ಟರಲ್ಲಿ ಸೂಜವ್ವ ಒಂದು ಸಂಗತಿ ಗಮನಿಸಿದಳು. ಬೇಸಿಗೆಯ ಬಿಸಿಲಿಗೆ ಗುಡ್ಡದಾಚೆಯ ಕಾಡಿನ ಹಳ್ಳ ಬತ್ತಿತ್ತು. ಸೀಳುನಾಯಿಗಳು ನೀರು ಕುಡಿಯಲು ದಿನವೂ ಆನೆದೊರೆಯ ಕೆರೆಗೇ ಬರುತ್ತಿದ್ದವು. ಬೆಳಿಗ್ಗೆ ಒಂದು ದಂಡು, ಸಂಜೆ ಇನ್ನೊಂದು. ಇಬ್ಬರೂ ಎದುರಾಗದ ಹಾಗೆ ಹೊತ್ತು ಗೊತ್ತುಮಾಡಿದ್ದವನು ನುಣ್ಣಪ್ಪ. ಅವಳು ಮತ್ತೆ ದರ್ಬಾರಿಗೆ ಹೋದಳು.

"ದೊರೆ, ಈ ಕೆರೆ ಬಿಟ್ಟರೆ ಸೀಳುನಾಯಿಗಳಿಗೆ ನೀರಿಲ್ಲ. ಕಮರಿಯ ಬಾಯಿ ಬಿಡುವ ತನಕ ಕೆರೆಗೆ ಬರಬೇಡಿ ಎಂದು ನೀವು ಒಂದು ಮಾತು ಹೇಳಿದರೆ ಸಾಕು."

ದೊರೆ ಬಾಯಿ ತೆರೆಯುವ ಮೊದಲೇ ನುಣ್ಣಪ್ಪ ಹೇಳಿದ: "ನೀರು ಬೇರೆ, ರಾಜಕೀಯ ಬೇರೆ. ಬಾಯಾರಿದವರಿಗೆ ನೀರು ಕೊಡುವುದು ನಮ್ಮ ಸಂಸ್ಕೃತಿ."

"ಹಸಿದವರಿಗೆ?"

"ಅದಕ್ಕೇ ಸಮಿತಿ ಹೋಗಿದೆಯಲ್ಲ."

ಸೂಜವ್ವ ಇನ್ನು ದರ್ಬಾರಿನಲ್ಲಿ ನಿಲ್ಲಲಿಲ್ಲ. ಪೊದೆ ಪೊದೆಗೆ, ಬಿಲ ಬಿಲಕ್ಕೆ ಹೋಗಿ, ನನ್ನ ಜೊತೆ ಬನ್ನಿ ಎಂದು ಕರೆದಳು. ಮುಂಗುಸಿ ಬರುತ್ತೇನೆಂದಿತು. ಮಂಗಗಳು ಬರುತ್ತೇವೆಂದವು. ಕಾಡುಹಂದಿ ಮಾತ್ರ ಕೆಸರಿನಿಂದ ಮೂತಿ ಎತ್ತದೆ ಕೇಳಿತು: "ಆ ಕಾಡಿನ ಜಗಳಕ್ಕೂ ನನಗೂ ಏನು ಸಂಬಂಧ?"

"ಜಗಳ ನಿನ್ನದಲ್ಲಪ್ಪ. ಆದರೆ ಅವರು ಕುಡಿಯುವ ನೀರು ನಿನ್ನ ಕೆರೆಯದು. ಇದು ನಿನಗೆ ಒಪ್ಪಿಗೆಯೇ ಎಂದು ಯಾರಾದರೂ ಕೇಳಿದ್ದಾರೆಯೇ?"

ಹಂದಿ ಯೋಚಿಸಿತು. ಅದಕ್ಕೆ ಯೋಚಿಸಿ ಅಭ್ಯಾಸವಿರಲಿಲ್ಲ, ತಡವಾಯಿತು. ಆದರೂ ಬಂತು.

ಮರುದಿನ ಆನೆದೊರೆ ಸ್ನಾನಕ್ಕೆ ಹೊರಟಾಗ ಕೆರೆಯ ದಾರಿಯಲ್ಲಿ ಇಡೀ ಕಾಡೇ ಕುಳಿತಿತ್ತು. ಮುಂದಿನ ಸಾಲಿನಲ್ಲಿ ಮುಳ್ಳುಹಂದಿಗಳು ಮುಳ್ಳು ನೆಟ್ಟಗೆ ಮಾಡಿಕೊಂಡು ಕುಳಿತಿದ್ದವು. ದೊರೆ ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದುಕೊಂಡ.

"ನಾನು ಮರುಗಿದ್ದೇನಲ್ಲ ಸೂಜವ್ವ," ಎಂದ ಕೊಂಚ ನೊಂದು.

"ನೀವು ಮರುಗಿದ್ದು ಇಲ್ಲಿ ನಮಗೆಲ್ಲ ಕೇಳಿಸಿತು ದೊರೆ. ಸೀಳುನಾಯಿಗಳಿಗೆ ಕೇಳಿಸುವ ಹಾಗೆ ಏನಾದರೂ ಹೇಳಿ."

ನುಣ್ಣಪ್ಪ ಓಡೋಡಿ ಬಂದು ದೊರೆಯ ಕಿವಿಯಲ್ಲಿ ಪಿಸುಗುಟ್ಟಿದ. ಬಿಸಿಲು ಏರಿತು. ದೊರೆ ಸುತ್ತ ನೋಡಿದ. ಒಬ್ಬರೂ ಏಳಲಿಲ್ಲ. ದೊರೆ ಕಾಲು ಕೆಳಗಿಟ್ಟು, ಸೊಂಡಿಲೆತ್ತಿ, ಗುಡ್ಡದಾಚೆಗೂ ಕೇಳುವ ಹಾಗೆ ಘೀಳಿಟ್ಟ: "ಕಮರಿಯ ಬಾಯಿ ಬಿಡಿ. ಬಿಡುವ ತನಕ ಕೆರೆಗೆ ಬರಬೇಡಿ."

ಆನೆಗಳ ಹಿಂಡು ಕೆರೆಯ ದಂಡೆಯುದ್ದಕ್ಕೂ ನಿಂತಿತು. ಸೀಳುನಾಯಿಗಳು ಬಂದವು, ನೋಡಿದವು, ಹಿಂದಕ್ಕೆ ಹೋದವು. ಮಾರನೆಯ ದಿನವೂ ಬಂದವು, ನಾಲಗೆ ಇನ್ನೂ ಉದ್ದ ಜೋತಿತ್ತು. ಮೂರನೆಯ ದಿನ ಎರಡೂ ದಂಡಿನ ನಾಯಕರು ಒಟ್ಟಿಗೇ ಬಂದರು.

"ಇದು ಮೋಸ," ಎಂದ ಒಬ್ಬ ನಾಯಕ. "ಕೆರೆ ಎಂದಿಗೂ ಮುಚ್ಚುವುದಿಲ್ಲ ಎಂದು ನಿಮ್ಮ ಮಂತ್ರಿ ಮಾತು ಕೊಟ್ಟಿದ್ದ. ಅದಕ್ಕಾಗಿ ದಿನವೂ ಅವನ ಗುಹೆಗೆ ಒಂದು ತೊಡೆ ಮಾಂಸ ಕಳಿಸಿದ್ದೇವೆ."

"ಏನು, ನೀವೂ ಕಳಿಸುತ್ತಿದ್ದಿರಾ?" ಎಂದ ಇನ್ನೊಬ್ಬ ನಾಯಕ.

ಎಲ್ಲರೂ ನುಣ್ಣಪ್ಪನ ಹೊಟ್ಟೆಯತ್ತ ನೋಡಿದರು. ಇಷ್ಟು ದಿನ ದುಃಖದಿಂದ ಊಟವೇ ಸೇರುತ್ತಿಲ್ಲ ಎನ್ನುತ್ತಿದ್ದವನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

"ಅದು ಸೌಹಾರ್ದದ ಕಾಣಿಕೆ," ಎಂದ ನುಣ್ಣಪ್ಪ.

"ಯಾರ ತೊಡೆ ಅದು?" ಎಂದು ಸೂಜವ್ವ ಕೇಳಿದಳು.

ನುಣ್ಣಪ್ಪ ಬಾಲದಿಂದ ಹೊಟ್ಟೆ ಮುಚ್ಚಿಕೊಂಡ.

"ನಿನಗೆ ಈ ಕಾಡಿನಲ್ಲಿ ಜಾಗವಿಲ್ಲ, ಹೋಗು," ಎಂದ ದೊರೆ. ಆಮೇಲೆ ನಾಯಕರತ್ತ ತಿರುಗಿದ. "ಮೊದಲು ಕಮರಿ, ಆಮೇಲೆ ನೀರು."

ಬಾಯಾರಿದ ನಾಯಿಗಳು ಕಮರಿಯ ಎರಡೂ ಬಾಯಿ ಬಿಟ್ಟುಕೊಟ್ಟವು. ನುಣ್ಣಪ್ಪ ಮೆಲ್ಲಗೆ ಗುಡ್ಡದ ದಾರಿ ಹಿಡಿದ. ಅವನನ್ನು ಕಂಡದ್ದೇ ತಡ, ಒಂದನ್ನೊಂದು ಕಂಡರಾಗದ ಎರಡು ದಂಡುಗಳೂ ಮೊದಲ ಬಾರಿಗೆ ಒಂದೇ ದಿಕ್ಕಿಗೆ ಓಡಿದವು. ಅವುಗಳ ಮುಂದೆ ನುಣ್ಣಪ್ಪ ಓಡುತ್ತಿದ್ದ. ಅಷ್ಟು ದಿನ ತಿಂದ ಮಾಂಸದ ಭಾರಕ್ಕೆ ಅವನಿಗೆ ಜೋರಾಗಿ ಓಡಲಾಗುತ್ತಿರಲಿಲ್ಲ. ಮತ್ತೆ ಅವನನ್ನು ಯಾರೂ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಕಮರಿಯವರು ಬರತೊಡಗಿದರು. ಕಡವೆಗಳು ಬಂದವು, ಒಂದಕ್ಕೊಂದು ಒರಗಿಕೊಂಡು. ಮೊಲಗಳು ಕುಪ್ಪಳಿಸಲಾಗದೆ ನಡೆದು ಬಂದವು. ಎಲ್ಲರ ಹಿಂದೆ ಮುಳ್ಳಿ, ಒಂದು ಜಿಂಕೆಮರಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದಳು. ಸೂಜವ್ವ ಮಗಳ ಮೂತಿಗೆ ಮೂತಿ ತಾಗಿಸಿ ನಿಂತಳು.

ಆನೆದೊರೆ ದಾರಿಯತ್ತ ನೋಡುತ್ತಲೇ ಇದ್ದ. ಮತ್ತೆ ಯಾರೂ ಬರಲಿಲ್ಲ.

"ಇಷ್ಟೇ ಮಂದಿಯೇ?" ಎಂದು ಕೇಳಿದ.

"ಅವ್ವ ಮೊದಲ ಸಲ ಕೇಳಿದ ದಿನವೇ ನೀವು ಆ ಮಾತು ಹೇಳಿದ್ದರೆ, ಇದರ ಎರಡರಷ್ಟು ಮಂದಿ ಬರುತ್ತಿದ್ದರು ದೊರೆ," ಎಂದಳು ಮುಳ್ಳಿ.

ದೊರೆಗೆ ಮಾತು ಹೇಳಿಕೊಡಲು ಪಕ್ಕದಲ್ಲಿ ಮಂತ್ರಿ ಇರಲಿಲ್ಲ. ದೊರೆ ಸೊಂಡಿಲು ಚಾಚಿ ಎತ್ತರದ ಕೊಂಬೆಯೊಂದನ್ನು ಮುರಿದು, ಎಳೆಯ ಎಲೆಗಳನ್ನು ಜಿಂಕೆಮರಿಯ ಮುಂದೆ ಇಟ್ಟ. ಮರಿ ತಿನ್ನತೊಡಗಿತು. ಅದರ ತಾಯಿ ಬಂದಿರಲಿಲ್ಲ.

ನೀತಿ: ಕಷ್ಟದಲ್ಲಿರುವವರನ್ನು ಉಳಿಸುವ ಅಧಿಕಾರ ಇದ್ದವರು ಬರೀ ಮರುಗುತ್ತ ಕೂತರೆ, ಅವರೂ ಆ ಕಷ್ಟಕ್ಕೆ ಪಾಲುದಾರರು. ಅವರು ಆ ಅಧಿಕಾರವನ್ನು ಬಳಸುವ ತನಕ ದಾರಿಗೆ ಅಡ್ಡ ಕುಳಿತು ಕೇಳುವುದು ನಮ್ಮೆಲ್ಲರ ಕೆಲಸ.