ಇಲಿ ಮುಟ್ಟದ ಹಸಿರು

"ಕೇಳಿರಪ್ಪೋ ಕೇಳಿ! ಬಿಳಿಗೋಟೆಯ ಹೊನ್ನರಸರ ಅಪ್ಪಣೆ! ತೀರಿಕೊಂಡ ದೊಡ್ಡರಾಣಿಯ ಕೋಣೆ ಅವರು ಬದುಕಿದ್ದಾಗ ಇದ್ದ ಹಾಗೇ ಮತ್ತೆ ಆಗಬೇಕು. ಗೋಡೆಗೆ ಅಂಟಿಸಿದ್ದ ಗಿಳಿಯ ಕಾಗದವೂ ಅದೇ ಆಗಬೇಕು. ಆ ಗೋಡೆ ಮುಟ್ಟುವವನು ಮೊದಲು ರಾಜಕುಮಾರಿಯ ಮೂರು ಒಗಟು ಬಿಡಿಸಲಿ. ಬಿಡಿಸಿದವನಿಗೆ ರಾಜಕುಮಾರಿ, ತಪ್ಪಿದವನಿಗೆ ಕತ್ತಿ!"

ಡಂಗುರ ಹೀಗಿತ್ತು. ಒಗಟು ಮಗಳದ್ದು, ಕತ್ತಿ ಅಪ್ಪನದು. ಕೋಣೆ ಸರಿಮಾಡಿಸುವ ಮನಸ್ಸಿದ್ದವನು ಕತ್ತಿ ಯಾಕೆ ಮಸೆಯುತ್ತಾನೆ ಹೇಳಿ? ಸೂತಕ ಕಳೆಯುವ ಮೊದಲೇ ಕಿರಿರಾಣಿಯನ್ನು ಕರೆತಂದು ಕೂರಿಸಿಕೊಂಡ ಗಂಡಸು. ಥೂ! ಮಗಳು ಚೆಲುವಾಂಬೆ ಅನ್ನ ಬಿಟ್ಟು ಕೂತಳು ಅಂತ ಒಪ್ಪಿದ, ಅಷ್ಟೆ.

ಆ ಕೋಣೆಯೋ, ದೇವರೇ! ಹಡಗಿನಲ್ಲಿ ಬಂದ ಹಸಿರು ಕಾಗದ ಜೋತುಬಿದ್ದಿತ್ತು. ಹಿಂದೆಲ್ಲ ಬೂಷ್ಟು, ಕೆಳಗೆ ಸತ್ತ ನೊಣ, ಮೂಲೆಯಲ್ಲಿ ಇಲಿ ಹಿಕ್ಕೆ. ನಾತಕ್ಕೆ ಹೆದರಿ ಧೂಪ ಹಾಕಿಸಿಕೊಂಡು ಅಲ್ಲೇ ಒಡ್ಡೋಲಗ ನಡೆಸಿದರು.

ಮೊದಲು ಮಂತ್ರಿಯ ಮಗ ಬಂದ, ಮೂಗಿಗೆ ಅತ್ತರಿನ ವಸ್ತ್ರ ಒತ್ತಿಕೊಂಡು.

"ಈ ಗೋಡೆಗೆ ಹೊಟ್ಟೆಯಿಲ್ಲ. ಆದರೂ ಕಾಗದದ ಹಿಂದೆ ಅಡುಗೆ ಬಚ್ಚಿಟ್ಟುಕೊಂಡಿದೆ. ಏನದು?" ಅಂದಳು ಚೆಲುವಾಂಬೆ.

"ಬಂಗಾರ! ಅರಮನೆ ಗೋಡೆಯಲ್ಲಿ ಇನ್ನೇನಿರುತ್ತೆ?"

ಎಳೆದುಕೊಂಡು ಹೋಗಿ ಸೆರೆಗೆ ಹಾಕಿದರು, ಕತ್ತಿಯ ಸರದಿ ಬರುವವರೆಗೆ.

ಆಮೇಲೆ ಮೂಡಲ ಸೀಮೆಯ ಪಾಳೆಯಗಾರ. ಅವಳು ಬೇರೆ ಒಗಟು ಹಾಕಿದಳು: "ಗೋಡೆಯ ತುಂಬ ಗಿಳಿ. ಎಲ್ಲಕ್ಕೂ ತಾಯಿ ಒಬ್ಬಳೇ. ಮಕ್ಕಳು ಬಲಕ್ಕೆ ನೋಡುತ್ತವೆ, ತಾಯಿ ಎಡಕ್ಕೆ. ಅವಳಿಗೆ ಪುಕ್ಕವೂ ಇಲ್ಲ. ಯಾರವಳು?"

"ಎಡಕ್ಕೆ ನೋಡುವವಳಾ? ಕಿರಿರಾಣಿಯವರು!"

ಕಿರಿರಾಣಿಗೆ ಮೆಳ್ಳೆಗಣ್ಣು, ಊರಿಗೇ ಗೊತ್ತು. ಆದರೆ ಬಾಯಿ ಬಿಡಬಹುದೇ? ಅವನೂ ಸೆರೆಗೆ.

ಮಂಚದಡಿಯಿಂದ ಯಾರೋ ಕಿಸಕ್ಕೆಂದರು. ನೋಡಿದರೆ ಇಲಿ ಹಿಡಿಯುವ ಬೊಮ್ಮ, ಬೋನು ಇಡಲು ತೂರಿದ್ದವನು. ತಲೆ ತುಂಬ ಜೇಡರ ಬಲೆ.

"ನಗ್ತೀಯೇನೋ? ಹಾಗಾದರೆ ನೀನೇ ಹೇಳು. ತಪ್ಪಿದರೆ ನಿನ್ನ ತಲೆಯೂ ಹೋಯ್ತು," ಅಂದ ಅರಸ.

ಬೊಮ್ಮ ಬೋನು ಕೆಳಗಿಟ್ಟು ತೆವಳಿಕೊಂಡು ಹೊರಗೆ ಬಂದ. "ಬುದ್ಧೀ, ಅಡುಗೆ ಅಂದರೆ ಹಿಟ್ಟಿನ ಗಂಜಿ. ಕಾಗದ ಅಂಟಿಸಿದ್ದೇ ಅದರಲ್ಲಿ. ಇಲಿ ಬರೋದು ಅದಕ್ಕೇ. ಇನ್ನು ಗಿಳಿ ಹೆತ್ತವಳು ಮರದ ಅಚ್ಚು. ನಮ್ಮವ್ವನ ಸೀರೆಯ ಹೂವೂ ಹಾಗೇ, ಅಚ್ಚಿನಲ್ಲಿ ಎಡ, ಬಟ್ಟೆಯಲ್ಲಿ ಬಲ."

ಚೆಲುವಾಂಬೆ ಎದ್ದು ನಿಂತಳು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಇಲ್ಲಿ ನಮ್ಮವ್ವ ಒಬ್ಬಳೇ ಮಲಗುತ್ತಿದ್ದಳು. ಬಾಗಿಲಿಗೆ ಅಗಳಿ. ಅವಳ ಊಟ ನಾನೇ ಮೊದಲು ತಿಂದು ನೋಡುತ್ತಿದ್ದೆ. ಆದರೂ ಮಳೆಗಾಲ ಬಂದಾಗೆಲ್ಲ ಬಾಡಿದಳು, ಬಾಡಿ ಬಾಡಿ ಸತ್ತಳು. ಕೊಂದವರು ಯಾರು?"

"ಸಾಕು!" ಅಂತ ಅರಸ ಕೂಗಿದ.

ಬೊಮ್ಮ ಗೋಡೆಯನ್ನೇ ನೋಡಿದ. ಕೆಳಗಿನ ಬಿಳಿ ಅಂಚನ್ನು ಇಲಿಗಳು ಕೆರೆದು ತಿಂದಿದ್ದವು. ಹಸಿರಿಗೆ ಹಲ್ಲೇ ತಾಕಿರಲಿಲ್ಲ.

"ತಾಯಿ, ರಾಣಿಯಮ್ಮ ಯಾವುದಾದರೂ ವಾಸನೆ ಅಂತಿದ್ದರಾ?"

"ಬೆಳ್ಳುಳ್ಳಿ ಅಂತಿದ್ದಳು. ಬೆಳ್ಳುಳ್ಳಿಯೇ ಕಾಲಿಡದ ಅರಮನೆಯಲ್ಲಿ!"

ಅವನು ಹಸಿರನ್ನು ಉಗುರಿನಿಂದ ಕೆರೆದು ಧೂಪದ ಕೆಂಡದ ಮೇಲೆ ಉದುರಿಸಿದ. ಗಪ್ಪೆಂದು ಬೆಳ್ಳುಳ್ಳಿ ನಾತ! ಎಲ್ಲರೂ ಸೆರಗು, ಶಲ್ಯ ಮೂಗಿಗೆ ಒತ್ತಿಕೊಂಡರು.

"ಇಲಿ ಪಾಷಾಣ ಕೆಂಡಕ್ಕೆ ಬಿದ್ದರೆ ಇದೇ ವಾಸನೆ, ತಾಯಿ. ಬಣ್ಣಕ್ಕೇ ಅದನ್ನು ಬೆರೆಸಿದ್ದಾರೆ. ಮಳೆಗೆ ಗೋಡೆ ಒದ್ದೆಯಾದಾಗ ಆ ವಿಷ ಗಾಳಿಗೆ ಬಿಟ್ಟಿದೆ, ರಾಣಿಯಮ್ಮ ಅದನ್ನೇ ಉಸಿರಾಡಿದ್ದಾರೆ. ಕೊಂದದ್ದು ಈ ಹಸಿರು."

ಚೆಲುವಾಂಬೆ ಅಪ್ಪನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತೇ?"

"ಆಸೆಪಟ್ಟು ತರಿಸಿದ್ದೆ ಮಗಳೇ. ಅವಳು ವಾಸನೆ ಅಂದಾಗ ಹೆಂಗಸರ ಕೊರಗು ಅಂದೆ. ಆಮೇಲೆ... ಅನುಮಾನ ಬಂತು."

ಅನುಮಾನ ಬಂತಂತೆ! ಬಂದ ಮೇಲೆ ಕಾಗದ ಕೀಳಿಸಲಿಲ್ಲ, ಈ ವಿಷವಿಲ್ಲದ ಪಕ್ಕದ ಕೋಣೆಯಲ್ಲಿ ಕಿರಿರಾಣಿಗೆ ಹಾಸಿಗೆ ಹಾಸಿಸಿದ.

ಸೆರೆಯ ಬಾಗಿಲು ತೆರೆಯಿತು, ಇಬ್ಬರೂ ತಲೆ ಉಳಿಸಿಕೊಂಡು ಓಡಿದರು. ರಾಜಕುಮಾರಿ ಬೊಮ್ಮನ ಕೈ ಹಿಡಿದಳು, ಕೈ ತೊಳೆಸಿಯೇ ಹಿಡಿದಳು ಅನ್ನಿ. ಕೋಣೆಯನ್ನು ಮತ್ತೆ ಅದೇ ರೀತಿ ಮಾಡಿಸಿದರು. ಹೊಸ ಅಚ್ಚು ಕೆತ್ತಿಸಿದರು, ಗಿಳಿಗಳು ಅವೇ, ನೋಡುವುದೂ ಬಲಕ್ಕೇ. ಹಸಿರು ಮಾತ್ರ ಅರಿಶಿನಕ್ಕೆ ನೀಲಿ ಬೆರೆಸಿದ್ದು.

ಮುಂದಿನ ಮಳೆಗಾಲದಲ್ಲಿ ಇಲಿಯೊಂದು ಹೊಸ ಗಿಳಿಯ ಬಾಲವನ್ನೇ ಕಡಿದು ತಿಂದಿತ್ತು. ಅರಸ ಹೌಹಾರಿದ. ಬೋನು ತರಲು ಹೊರಟ ಬೊಮ್ಮನನ್ನು ಚೆಲುವಾಂಬೆ ತಡೆದಳು.

"ಬಿಡಿ, ತಿನ್ನಲಿ," ಅಂದಳು. ಅವತ್ತು ರಾತ್ರಿ ಅವ್ವನ ಮಂಚದಲ್ಲಿ ಮೊದಲ ಸಲ ಮಲಗಿದಳು.