ಕೈಪಂಪಿಗೆ ಎಮ್ಮೆ ಹೇಳಿಕೊಟ್ಟ ಕಸುಬು

ಬಸ್ ಕಂಡಕ್ಟರ್ ನೀಲವ್ವನ ಹೆರಿಗೆ ರಜೆ ಭಾನುವಾರಕ್ಕೆ ಮುಗಿಯಿತು. ಎದೆಹಾಲು ತೆಗೆದಿಟ್ಟು ಕೆಲಸಕ್ಕೆ ಹೋಗೋಣವೆಂದರೆ ಕರೆಂಟಿನ ಪಂಪಿಗೆ ಅರ್ಧ ಸಂಬಳ ಸುರಿಯಬೇಕು. ಮೂರು ಅಂಗಡಿ ಅಲೆದು ಅಗ್ಗದ ಕೈಪಂಪು ತಂದಳು. ಅಜ್ಜಿ ಕೂಸನ್ನು ಪಕ್ಕದ ಮನೆಗೆ ಎತ್ತಿಕೊಂಡು ಹೋದಾಗ ಕೂತು ಒತ್ತಿಯೇ ಒತ್ತಿದಳು. ಒಂದು ಹನಿಯೂ ಬರಲಿಲ್ಲ. ಮುಂದಿನದನ್ನು ನನಗೆ ಹೇಳಿದ್ದು ಹಿತ್ತಲಿನ ಎಮ್ಮೆ. ಎಮ್ಮೆ ಸುಳ್ಳು ಹೇಳುವುದಿಲ್ಲ. ನನ್ನ ಮಾತು ಬೇರೆ.

ಎಮ್ಮೆ ಕಿಟಕಿಯಾಚೆಯಿಂದ ನಕ್ಕಿತು. "ಏನು ಪಂಪಣ್ಣ, ಬೆವರು ಬಂತು, ಹಾಲು ಬರಲಿಲ್ಲವಲ್ಲ?"

"ನನ್ನಲ್ಲಿ ದೋಷವಿಲ್ಲ. ಇನ್ನೂ ಜೋರಾಗಿ ಎಳೆಯುತ್ತೇನೆ," ಎಂದಿತು ಪಂಪು.

"ಎಳೆದಷ್ಟೂ ಬರಲು ಇದೇನು ಬಾವಿಯೇ? ಹಾಲು ಕೊಡುವುದು ನನ್ನ ಕಸುಬು, ಕೇಳು. ಗೌಳಿ ಎಷ್ಟೇ ಗಟ್ಟಿಗನಿರಲಿ, ಕರು ಬಂದು ಮೂತಿ ತಾಗಿಸದೆ ನಾನು ಒಂದು ತೊಟ್ಟೂ ಹಾಲು ಇಳಿಸುವುದಿಲ್ಲ. ಆ ಗೋಡೆಯ ಮೊಳೆಯಲ್ಲಿ ನೇತಾಡುವ ಕುಲಾವಿಯನ್ನು ಕರೆ."

ಪಂಪು ಕರೆಯಿತು. ಕೂಸಿನ ಕುಲಾವಿ ಮೊಳೆಯಿಂದ ಜಾರಿ ನೀಲವ್ವನ ಮಡಿಲಿಗೆ ಬಿತ್ತು. ಅವಳು ಅದನ್ನು ಮೂಸಿ ನಕ್ಕಳು. ಪಂಪಿನ ಬಾಟಲಿ ತುಂಬಿತು, ಎಮ್ಮೆಯ ಪ್ರಕಾರ ಅರ್ಧ, ನನ್ನ ಪ್ರಕಾರ ಕಂಠಪೂರ್ತಿ. "ನಾಳೆ ನೀನೂ ಡ್ಯೂಟಿಗೆ ಬಾ," ಎಂದು ಅವಳು ಕುಲಾವಿಯನ್ನು ಚೀಲಕ್ಕೆ ಹಾಕಿಕೊಂಡಳು.

"ನೋಡಿದೆಯಾ, ಅಗ್ಗದವನ ಕೈಚಳಕ!" ಎಂದು ಬೀಗಿತು ಪಂಪು. "ಆದರೂ ನಿನ್ನ ಉಪಕಾರ ಮರೆಯುವುದಿಲ್ಲ, ಎಮ್ಮಕ್ಕ."

"ಉಪಕಾರ ಎಲ್ಲಿಂದ ಬಂತು?" ಎಂದು ಎಮ್ಮೆ ತನ್ನ ಕರುವನ್ನು ನೆಕ್ಕಿತು. "ನೀನು ಸೋತಿದ್ದರೆ ನಾಳೆಯಿಂದ ಆ ಕೂಸಿಗೆ ನನ್ನ ಹಾಲು ಹಾಕುತ್ತಿದ್ದರು. ನನಗೂ ಒಂದು ಕೂಸಿದೆಯಪ್ಪಾ."