ಹುಲಿಗೆವ್ವ ಕಿತ್ತ ಪ್ಲಗ್ಗು

ನಮ್ಮ ನಡುಗಡ್ಡಿ ದವಾಖಾನ್ಯಾಗ ಕಸ ಹೊಡಿಯೋ ಹುಲಿಗೆವ್ವನ ಬಾಯಿ ಊರಿಗೇ ಗೊತ್ತು. ಗಂಡ ಸತ್ತ ಮ್ಯಾಲ ಅದೂ ಮುಚ್ಚಿತ್ತು. ಅವ ಸತ್ತ ದಿನ ಮಳ್ಯಾಗ ದವಾಖಾನಿ ನೆಟ್ ಹೋಗಿ, ಅವನ ಇಸಿಜಿ ಪ್ಯಾಟಿ ಡಾಕ್ಟರಿಗೆ ಮುಟ್ಟಲೇ ಇಲ್ಲ.

ಆಮ್ಯಾಲ ಮಾಳಿಗಿ ಮ್ಯಾಲ ನೆಟ್ಟಿನ ಎರಡನೇ ಡಿಶ್ ಬಂತು. ಒಂದು ಕೆಟ್ಟರ ಇನ್ನೊಂದು ತಾನ ಹಿಡಕೊಳ್ತದಂತ. ಅದನ್ನ ಕೂಡ್ರಿಸಿದ ಇಂಜಿನಿಯರ್ ಸಾಹೇಬ ಮೀಸಿ ತಿರುವಿಕೋತ ಬಂದ.

"ನಾಳಿ ಉದ್ಘಾಟನಿ. 'ಇನ್ನ ಯಾರೂ ನನ್ನ ಗಂಡನಂಗ ಸಾಯಂಗಿಲ್ಲ' ಅಂತ ಮೈಕಿನ್ಯಾಗ ನೀನ ಹೇಳಬೇಕು ನೋಡವಾ."

"ಹೇಳ್ತೀನ್ರೀ" ಅಂದ್ಲು.

ಅಷ್ಟರಾಗ ಸಾಹೇಬನ ಅಪ್ಪ ಪ್ಯಾಟಿ ಆಸ್ಪತ್ರಿಯಿಂದ ದವಾಖಾನಿ ನೆಟ್ಟಿಗೆ ವಿಡಿಯೋ ಕಾಲ್ ಮಾಡಿದ. ಮುದುಕ ಆಪರೇಷನ್‌ಗೆ ಹೊಂಟಿದ್ದ. ಹುಲಿಗೆವ್ವ ಮೆಲ್ಲಕ ಮೊದಲನೇ ಡಿಶ್ಶಿನ ಪ್ಲಗ್ಗಿಗೆ ಕೈ ಹಾಕಿದ್ಲು.

"ಕೀಳ್ಲೇನ್ರೀ? ಇನ್ನೊಂದು ಹಿಡಕೊಳ್ತದಲ್ಲ?"

"ಏ ಬ್ಯಾಡ ಬೇ! ಅದಕ್ಕಿನ್ನೂ ಕನೆಕ್ಷನ್ನೇ ಕೊಟ್ಟಿಲ್ಲ!"

"ನಿಮ್ಮಪ್ಪನ ಮಾತು ನಿಲ್ಲಬಾರದು. ನಮ್ಮವರ ಉಸಿರು ನಿಂತ್ರ ನಡೀತದೇನ್ರೀ?"

ಸಾಹೇಬನ ಮೀಸಿ ಇಳೀತು. ಉದ್ಘಾಟನಿ ಮುಂದ ಹೋತು. ತಾನ ಏಣಿ ಹತ್ತಿ ಎರಡನೇದು ಜೋಡಿಸಿದ. ಆಪರೇಷನ್ ಮುಗಿಸಿಕೊಂಡ ಅಪ್ಪಗ ಕಾಲ್ ಹಚ್ಚಿ, "ಈಗ ಕೀಳವ್ವಾ" ಅಂದ.

ಕಿತ್ತಳು. ಮುದುಕನ ನಗು ಒಂಚೂರೂ ಕಡೀಲಿಲ್ಲ.

"ನೀನೂ ಯಾರಿಗರ ಮಾತಾಡವ್ವಾ" ಅಂದ ಸಾಹೇಬ.

ಹುಲಿಗೆವ್ವ ಪ್ಲಗ್ಗು ಹಿಡಕೊಂಡು ಹಂಗ ನಿಂತಿದ್ಲು. "ನನ್ನ ಕೂಡ ಮಾತಾಡೋರು ಆ ಮಳ್ಯಾಗ ಹೋದ್ರಲ್ರೀ" ಅಂದು ಕಸಬರಿಗಿ ತಗೊಂಡ್ಲು.